ಪೆನ್ಸಿಲ್ ಮಗಳ ಕೈಗೆ: ಎರಡು ದಿನದ ಬೆಂಗಳೂರು

“ಸಾರ್, ಮಕ್ಕಳಿಗೆ ಬೆಂಗಳೂರು ತೋರಿಸಬೇಕು. ಶನಿವಾರ, ಭಾನುವಾರ ಎರಡೇ ದಿನ ಬಿಡುವು. ಏನೇನು ನೋಡಬಹುದು, ಒಂದು ಪಟ್ಟಿ ಮಾಡಿಕೊಡಿ” ಎಂದು ತಿಂಗಳಿಗೊಬ್ಬ ಪಾಲಕರಾದರೂ ನನ್ನನ್ನು ಕೇಳುತ್ತಾರೆ. ಹೈಸ್ಕೂಲು ಮೇಷ್ಟರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ನಮ್ಮೂರಿನವರ ನಂಬಿಕೆ. ಪಟ್ಟಿ ಕೊಡುವುದು ಕಷ್ಟವಲ್ಲ. ಆದರೆ ಅಂಥದೇ ಒಂದು ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಕೈ ಸುಟ್ಟುಕೊಂಡವನು ನಾನು. ಆ ಕಥೆಯನ್ನು ಮೊದಲು ಹೇಳಿ, ಆಮೇಲೆ ಪಟ್ಟಿಯ ಮಾತಿಗೆ ಬರುತ್ತೇನೆ.

ನಮ್ಮದು ಅರಸೀಕೆರೆ. ಬೆಂಗಳೂರಿಗೆ ಸುಮಾರು ಮೂರು ಗಂಟೆಯ ರೈಲು ದಾರಿ. ಮದುವೆಗೆ ಹೋಗಿದ್ದೇವೆ, ಆಸ್ಪತ್ರೆಗೆ ಹೋಗಿದ್ದೇವೆ, ಕಚೇರಿ ಕೆಲಸಕ್ಕೆ ಅಲೆದಿದ್ದೇವೆ. ಆದರೆ ‘ಬೆಂಗಳೂರು ನೋಡಲಿಕ್ಕೆ’ ಎಂದೇ ಹೋದದ್ದು ಆರು ವರ್ಷಗಳ ಹಿಂದೆ ಮೊದಲ ಸಲ. ಆಗ ಮಗಳು ಆರನೆಯ ತರಗತಿ, ಮಗ ಒಂದನೆಯ ತರಗತಿ. ಶಾಲೆಗೆ ಭಾನುವಾರದ ಜೊತೆ ಸೋಮವಾರವೂ ರಜೆ ಸಿಕ್ಕಿತ್ತು. ಒಂದು ವ್ಯಾನು ಗೊತ್ತುಮಾಡಿದೆ. ಹನ್ನೊಂದು ಸ್ಥಳಗಳ ಪಟ್ಟಿ ಮಾಡಿದೆ. ಪ್ರತಿಯೊಂದರ ಮುಂದೆ ಗಂಟೆ, ನಿಮಿಷ ಬರೆದೆ. ಶಾಲೆಯ ವೇಳಾಪಟ್ಟಿ ಬರೆದು ಪಳಗಿದ ಕೈ ನೋಡಿ!

ನಡೆದದ್ದೇ ಬೇರೆ. ಹನ್ನೊಂದರಲ್ಲಿ ಆರನ್ನು ‘ನೋಡಿದೆವು’. ನೋಡಿದೆವು ಎಂದರೆ ವ್ಯಾನಿನ ಕಿಟಕಿಯಿಂದ ಕೈ ತೋರಿಸಿದೆವು. ಮಗ ಎರಡು ಸಲ ವಾಂತಿ ಮಾಡಿಕೊಂಡ. ವಿಧಾನಸೌಧ ಬಂದಾಗ ನನ್ನವಳ ಮಡಿಲಲ್ಲಿ ಗಾಢ ನಿದ್ದೆಯಲ್ಲಿದ್ದ. ಮಗಳು ಊರಿನಿಂದಲೇ ಕನಸು ಕಾಣುತ್ತಿದ್ದದ್ದು ಜವಾಹರಲಾಲ್ ನೆಹರೂ ತಾರಾಲಯವನ್ನು. ಅದನ್ನು ನಾನು ಸೋಮವಾರ ಮಧ್ಯಾಹ್ನಕ್ಕೆ ಇಟ್ಟಿದ್ದೆ. ಹೋಗಿ ನೋಡಿದರೆ ಬಾಗಿಲು ಹಾಕಿದೆ. ಸೋಮವಾರ ವಾರದ ರಜೆ! ತಪ್ಪು ನನ್ನದೇ. ಒಂದು ಮಾತು ವಿಚಾರಿಸಿದ್ದರೆ ಆಗುತ್ತಿತ್ತು. ಗೇಟಿನ ಸರಳು ಹಿಡಿದು ಒಳಗಿನ ಗುಮ್ಮಟ ನೋಡುತ್ತಾ ನಿಂತ ಆ ಹುಡುಗಿಯ ಬೆನ್ನು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಊರಿಗೆ ಬಂದ ಮೇಲೆ ಅವಳ ಶಾಲೆಯಲ್ಲಿ ‘ನಾನು ಕಂಡ ಬೆಂಗಳೂರು’ ಎಂಬ ಪ್ರಬಂಧ ಬರೆಯಲು ಹೇಳಿದರು. ಅವಳು ಬರೆದದ್ದರಲ್ಲಿ ಅರಮನೆಯೂ ಇರಲಿಲ್ಲ, ವಿಧಾನಸೌಧವೂ ಇರಲಿಲ್ಲ. ವ್ಯಾನು ಒಂದೇ ಕಡೆ ಮುಕ್ಕಾಲು ಗಂಟೆ ನಿಂತಿದ್ದು, ಆ ಹೊತ್ತಿನಲ್ಲಿ ಕಿಟಕಿಯ ಪಕ್ಕ ಕಡಲೆಕಾಯಿ ಮಾರುವವರು ಎಷ್ಟು ಜನ ಹಾದುಹೋದರು ಎಂದು ಅವಳು ಎಣಿಸಿದ್ದು, ಒಂದು ಪುಟ ತುಂಬ ಇಷ್ಟೇ. ಓದಿ ನಗು ಬಂತು. ಆಮೇಲೆ ನಾಚಿಕೆಯಾಯಿತು.

ಈ ಸಲದ ಪ್ರವಾಸ

ಮಗಳು ಈಗ ದ್ವಿತೀಯ ಪಿ.ಯು.ಸಿ. ಮುಂದೆ ಬಿ.ಎಸ್ಸಿ. ಓದಲು ಬೆಂಗಳೂರಿಗೇ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ತೀರ್ಮಾನವಾದ ದಿನದಿಂದ ನನ್ನವಳಿಗೆ ರಾತ್ರಿ ನಿದ್ದೆ ಇಲ್ಲ. “ಏನ್ರೀ, ಇಲ್ಲಿ ಸಂತೆಗೂ ಒಬ್ಬಳೇ ಹೋದವಳಲ್ಲ. ಅಲ್ಲಿ ಆ ಜನಸಾಗರದಲ್ಲಿ ಹೇಗಿರ್ತಾಳೆ?” ಎಂದು ಕೇಳುವಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂತೆಗೆ ಒಬ್ಬಳನ್ನೇ ಕಳಿಸದೆ ಇದ್ದವರು ನಾವೇ ತಾನೆ?

ಆಗ ಹೊಳೆದದ್ದು ಈ ಪ್ರವಾಸ. ಡಿಸೆಂಬರಿನ ಒಂದು ಶನಿವಾರ, ಭಾನುವಾರ ಬೆಂಗಳೂರಿಗೆ ಹೋಗುವುದು. ಆದರೆ ಯೋಜನೆ ಮಗಳದ್ದು. ಎಲ್ಲಿಗೆ, ಯಾವಾಗ, ಹೇಗೆ, ಎಷ್ಟು ಖರ್ಚಿನಲ್ಲಿ ಎಂಬುದೆಲ್ಲ ಅವಳೇ ಬರೆಯಬೇಕು. ಅಲ್ಲಿ ಹೋದ ಮೇಲೆ ಅವಳು ಮುಂದೆ, ನಾವು ಮೂವರು ಹಿಂದೆ. ಅಪಾಯವಿದ್ದರೆ ಮಾತ್ರ ನಾವು ಬಾಯಿ ಹಾಕುವುದು. ಈ ಕರಾರಿಗೆ ಒಪ್ಪಿಗೆ ಎಂದು ಹೇಳಿ ಪೆನ್ಸಿಲನ್ನೂ ಒಂದು ನಲವತ್ತು ಪುಟದ ನೋಟ್‌ಬುಕ್ಕನ್ನೂ ಅವಳ ಕೈಗೆ ಕೊಟ್ಟೆ. ಪೆನ್ನು ಬೇಡ, ಪೆನ್ಸಿಲೇ ಇರಲಿ ಎಂದಿದ್ದು ಅವಳು. “ಅಳಿಸೋದು ಬರತ್ತಪ್ಪ” ಎಂದಳು.

ಚೀಟಿಯ ಆಟ

ಅವಳು ಮಾಡಿದ ಮೊದಲ ಕೆಲಸ ನನಗೆ ಬಹಳ ಹಿಡಿಸಿತು. ಮನೆಯವರು ಎಲ್ಲರೂ ಹೇಳಿದ ಸ್ಥಳಗಳ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದಳು. ಹದಿನೇಳು ಚೀಟಿ ಆದವು. “ಒಬ್ಬೊಬ್ಬರು ಎರಡೇ ಚೀಟಿ ಆರಿಸ್ಕೊಬೇಕು. ‘ಇದಿಲ್ಲದಿದ್ದರೆ ಬೆಂಗಳೂರಿಗೆ ಹೋಗಿದ್ದೇ ದಂಡ’ ಅನ್ನೋವು ಮಾತ್ರ” ಎಂದು ಕಟ್ಟಪ್ಪಣೆ ಮಾಡಿದಳು.

ನನ್ನವಳು ಬಸವನಗುಡಿಯ ದೊಡ್ಡ ಬಸವಣ್ಣನನ್ನೂ ಗಾಂಧಿಬಜಾರನ್ನೂ ಆರಿಸಿದಳು. ನಾನು ಲಾಲ್‌ಬಾಗ್ ಮತ್ತು ಟಿಪ್ಪು ಅರಮನೆ. ಮಗ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಮತ್ತು ಬನ್ನೇರುಘಟ್ಟದ ಹುಲಿ. ಮಗಳು ತಾರಾಲಯವನ್ನು ಎತ್ತಿಕೊಂಡಳು. ಅದು ಗೊತ್ತಿದ್ದದ್ದೇ. ಎರಡನೆಯ ಚೀಟಿ ತೋರಿಸಿದಾಗ ನಾವು ಮುಖ ಮುಖ ನೋಡಿಕೊಂಡೆವು. ಅದರಲ್ಲಿ ‘ಮೆಜೆಸ್ಟಿಕ್ ಬಸ್ ನಿಲ್ದಾಣ’ ಎಂದು ಬರೆದಿತ್ತು.

“ಅದನ್ನೇನೇ ನೋಡ್ತೀಯ? ಬರೀ ಬಸ್ಸು, ಜನ” ಎಂದಳು ಅವಳ ತಾಯಿ.

“ನಾನು ಒಬ್ಬಳೇ ಬಂದು ಇಳಿಯೋದು ಅಲ್ಲೇ ಅಲ್ವೇನಮ್ಮ?” ಎಂದಳು ಮಗಳು. ಯಾರೂ ಮುಂದೆ ಮಾತಾಡಲಿಲ್ಲ.

ಎಂಟು ಚೀಟಿಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದಾಗ ಬೆಂಗಳೂರು ತಾನಾಗಿಯೇ ಎರಡು ಭಾಗವಾಯಿತು. 2011ರ ಅಕ್ಟೋಬರಿನಲ್ಲಿ ಆರಂಭವಾದ ಮೆಟ್ರೊ ರೈಲಿಗೆ ಈಗ ಹಲವು ಮಾರ್ಗಗಳಿವೆ. ಅವುಗಳಲ್ಲಿ ನೇರಳೆ ಮಾರ್ಗ ಮತ್ತು ಹಸಿರು ಮಾರ್ಗ ಒಂದನ್ನೊಂದು ಕೂಡುವುದು ಮೆಜೆಸ್ಟಿಕ್‌ನಲ್ಲಿ. ವಿಧಾನಸೌಧ, ಕಬ್ಬನ್ ಪಾರ್ಕ್ ನೇರಳೆಯ ಮೇಲೆ. ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಹಸಿರಿನ ಮೇಲೆ. ಹಾಗಾಗಿ ಶನಿವಾರ ನೇರಳೆ, ಭಾನುವಾರ ಹಸಿರು ಎಂದು ಮಗಳು ಬರೆದಳು. ನಾನು ಆರು ವರ್ಷದ ಹಿಂದೆ ಮಾಡಿದ ಪಟ್ಟಿಯಲ್ಲಿ ಉತ್ತರದ ಸ್ಥಳದಿಂದ ದಕ್ಷಿಣಕ್ಕೆ, ದಕ್ಷಿಣದಿಂದ ಮತ್ತೆ ಉತ್ತರಕ್ಕೆ ವ್ಯಾನು ಓಡಾಡಿದ್ದು ನೆನಪಾಯಿತು.

ಎರಡು ಬಣ್ಣಕ್ಕೂ ಸೇರದೆ ಉಳಿದದ್ದು ಬನ್ನೇರುಘಟ್ಟ. ಅದು ಊರಿನ ನಡುವಿನಿಂದ ಇಪ್ಪತ್ತು ಕಿ.ಮೀ.ಗೂ ಆಚೆ. ಹೋಗಿ, ನೋಡಿ, ಬರಲು ಒಂದು ದಿನ ಪೂರ್ತಿ ಬೇಕು. ಮಗನ ಕಣ್ಣಲ್ಲಿ ನೀರು. ನಾನು ಎಂದಿನಂತೆ ‘ನೋಡೋಣ, ಹೇಗಾದರೂ ಸೇರಿಸೋಣ’ ಎನ್ನಲು ಬಾಯಿ ತೆರೆದೆ. ಮಗಳು ತಡೆದಳು. ತಮ್ಮನನ್ನು ಕೂರಿಸಿಕೊಂಡು, “ಹುಲಿ ಬೇಕು ಅಂದ್ರೆ ಶನಿವಾರ ಪೂರ್ತಿ ಬಿಡಬೇಕು ಕಣೋ. ಇಂಜಿನ್ನೂ ಇಲ್ಲ, ವಿಮಾನಾನೂ ಇಲ್ಲ, ತಾರಾಲಯಾನೂ ಇಲ್ಲ. ನೀನೇ ಹೇಳು, ನೀನು ಹೇಳಿದ ಹಾಗೆ ಮಾಡೋಣ” ಎಂದಳು. ಅವನು ಒಂದು ರಾತ್ರಿ ಯೋಚಿಸಿದ. ಬೆಳಿಗ್ಗೆ ಹುಲಿಯ ಚೀಟಿಯನ್ನು ತಾನೇ ಡಬ್ಬಿಯೊಳಗೆ ಹಾಕಿದ. ಏಳನೆಯ ತರಗತಿಯ ಹುಡುಗನಿಗೆ ಇದು ಸಣ್ಣ ಪಾಠವಲ್ಲ. ಪ್ರವಾಸದ ಯೋಜನೆ ಎಂದರೆ ಏನೇನು ನೋಡಬೇಕು ಎಂದು ಬರೆಯುವುದಲ್ಲ, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು. ನನಗೆ ಇದು ಗೊತ್ತಾಗಲು ಐವತ್ತು ವರ್ಷ ಬೇಕಾಯಿತು.

ಹೊರಡುವ ಮುನ್ನ ಅವಳು ಮಾಡಿಕೊಂಡ ತಯಾರಿಯನ್ನು ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಹೇಳುತ್ತೇನೆ. ರೈಲಿನ ಮುಂಗಡ ಟಿಕೆಟ್ಟನ್ನು ಈಗ 60 ದಿನ ಮೊದಲಿನಿಂದ ತೆಗೆಸಬಹುದು. 2024ರ ನವೆಂಬರಿಗೆ ಮುಂಚೆ ಇದು 120 ದಿನ ಇತ್ತು. ಐದರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಬೇಕಾದರೆ ಪೂರ್ತಿ ದರ ಕೊಡಬೇಕು. ವಸತಿಗೃಹವನ್ನು ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಹುಡುಕಿ ಮೊದಲೇ ಗೊತ್ತುಮಾಡಿದಳು. ನಾಲ್ವರ ಗುರುತಿನ ಚೀಟಿಯ ಪ್ರತಿಯನ್ನೂ ಜೊತೆಗಿಟ್ಟುಕೊಂಡಳು. ಪ್ರತಿ ಸ್ಥಳಕ್ಕೂ ವಾರದ ರಜೆ ಯಾವಾಗ, ಬಾಗಿಲು ಎಷ್ಟು ಗಂಟೆಗೆ ಎಂದು ವಿಚಾರಿಸಿ ಬರೆದುಕೊಂಡಳು. ಆರು ವರ್ಷದ ಹಿಂದಿನ ಗೇಟು ಅವಳಿಗೂ ಮರೆತಿಲ್ಲ ಎಂದು ಆಗ ಗೊತ್ತಾಯಿತು. ಖರ್ಚನ್ನು ಪ್ರಯಾಣ, ವಸತಿ, ಊಟ, ಪ್ರವೇಶ ಎಂದು ನಾಲ್ಕು ಕಲಂ ಮಾಡಿ, ಒಟ್ಟು ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಬೇರೆ ಕವರಿನಲ್ಲಿಟ್ಟು ಅಮ್ಮನ ಕೈಗೆ ಕೊಟ್ಟಳು. ಅದು ಆಪದ್ಧನ. ಆಪತ್ತು ಬಂದರೆ ಮಾತ್ರ ತೆಗೆಯಬೇಕು. ಮಗನಿಗೆ ಕಂಡ ಐಸ್‌ಕ್ರೀಮೆಲ್ಲ ಆಪತ್ತಲ್ಲ!

ಶನಿವಾರ: ನೇರಳೆ

ನಸುಕಿನ ರೈಲು ಹಿಡಿದೆವು. ಕಟ್ಟಿದ್ದ ಚಪಾತಿ, ಚಟ್ನಿಪುಡಿ, ಚಿತ್ರಾನ್ನ ತುಮಕೂರು ಬರುವಷ್ಟರಲ್ಲಿ ಖಾಲಿ. ಬೆಂಗಳೂರಿನಲ್ಲಿ ಇಳಿದು, ಚೀಲಗಳನ್ನು ವಸತಿಗೃಹದಲ್ಲಿಟ್ಟು, ಮೆಜೆಸ್ಟಿಕ್‌ನ ಮೆಟ್ರೊ ನಿಲ್ದಾಣಕ್ಕೆ ಬಂದೆವು. ನೆಲದೊಳಗಿನ ಊರು ಅದು. ಮಗಳು ಟಿಕೆಟ್ ತೆಗೆಸಿದಳು, ಫಲಕ ನೋಡಿದಳು, “ಬನ್ನಿ” ಎಂದಳು. ನೇರಳೆ ಮಾರ್ಗದ ಒಂದು ತುದಿ ವೈಟ್‌ಫೀಲ್ಡ್, ಇನ್ನೊಂದು ತುದಿ ಚಲ್ಲಘಟ್ಟ. ನಾವು ಹೋಗಬೇಕಾದದ್ದು ವೈಟ್‌ಫೀಲ್ಡ್ ಕಡೆಗೆ. ಅವಳು ನಮ್ಮನ್ನು ನಿಲ್ಲಿಸಿದ್ದು ಚಲ್ಲಘಟ್ಟದ ಕಡೆಗೆ.

ನನಗೆ ಗೊತ್ತಾಯಿತು. ನನ್ನವಳು ಮೊಣಕೈಯಿಂದ ತಿವಿದಳು. ಕರಾರು ಕರಾರೇ. ತುಟಿ ಕಚ್ಚಿಕೊಂಡು ಹತ್ತಿದೆ. ಮುಂದಿನ ನಿಲ್ದಾಣದ ಹೆಸರನ್ನು ಕೂಗಿದಾಗ ಅವಳ ಮುಖ ಕೆಂಪಾಯಿತು. ಅದು ರೈಲ್ವೆ ನಿಲ್ದಾಣದ್ದು! ಬೆಳಿಗ್ಗೆ ಇಳಿದಲ್ಲಿಗೇ ವಾಪಸು ಬಂದಿದ್ದೆವು. ಒಂದು ಕ್ಷಣ ಅಳುತ್ತಾಳೇನೋ ಎಂದುಕೊಂಡೆ. ಅವಳೇ ನಕ್ಕಳು. ಇಳಿದು, ಎದುರಿನ ಕಡೆಗೆ ಹೋಗಿ, ತಿರುಗಿ ಹತ್ತಿಸಿದಳು. ನಷ್ಟವಾದದ್ದು ಹತ್ತು ನಿಮಿಷ. ಆಮೇಲೆ ಎರಡು ದಿನವೂ ಪ್ರತಿ ಸಲ ಹತ್ತುವ ಮೊದಲು ‘ಕೊನೆಯ ನಿಲ್ದಾಣ ಯಾವುದು?’ ಎಂದು ಗಟ್ಟಿಯಾಗಿ ಓದಿಯೇ ಹತ್ತಿದಳು. ನಾನು ಮೊದಲೇ ಹೇಳಿಬಿಟ್ಟಿದ್ದರೆ ಹತ್ತು ನಿಮಿಷ ಉಳಿಯುತ್ತಿತ್ತು, ಪಾಠ ಹೋಗುತ್ತಿತ್ತು.

ವಿಧಾನಸೌಧದ ಎದುರು ಅರ್ಧ ಗಂಟೆ ನಿಂತೆವು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ ಈ ಕಟ್ಟಡವನ್ನು ಕೆಂಗಲ್ ಹನುಮಂತಯ್ಯನವರು ಪಟ್ಟುಹಿಡಿದು ಕಟ್ಟಿಸಿದರು. ಮುಗಿದದ್ದು 1956ರಲ್ಲಿ. ಕಟ್ಟಿದವರಲ್ಲಿ ಜೈಲಿನ ಕೈದಿಗಳೂ ಇದ್ದರು ಎಂದು ಹೇಳಿದಾಗ ಮಗ ಕಂಬಗಳನ್ನು ಇನ್ನೊಂದು ಸಲ ನೋಡಿದ. ಮುಂಭಾಗದಲ್ಲಿ ಕೆತ್ತಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಓದಿ, “ಹಾಗಾದ್ರೆ ಆಫೀಸಲ್ಲಿ ಯಾಕಪ್ಪ ನಾಳೆ ಬನ್ನಿ ಅಂತಾರೆ?” ಎಂದ. ಉತ್ತರ ಹೇಳದೆ ರಸ್ತೆಯ ಆಚೆಗಿನ ಕೆಂಪು ಕಟ್ಟಡ ತೋರಿಸಿದೆ. ಅದು ಹೈಕೋರ್ಟು. 1868ರಲ್ಲಿ ಮುಗಿದಾಗ ಅದರಲ್ಲಿದ್ದದ್ದು ಸರ್ಕಾರದ ಹದಿನೆಂಟು ಇಲಾಖೆಗಳು, ಅದಕ್ಕೇ ‘ಅಠಾರಾ ಕಚೇರಿ’ ಎಂಬ ಹೆಸರು. ನಾವು ವಿಧಾನಸೌಧವನ್ನು ಹೊರಗಿನಿಂದಲೇ ನೋಡಿದೆವು. 2025ರಲ್ಲಿ ರಜಾದಿನಗಳಂದು, ಮೊದಲೇ ಹೆಸರು ನೋಂದಾಯಿಸಿದವರಿಗೆ ಒಳಗೂ ತೋರಿಸುವ ವ್ಯವಸ್ಥೆ ಆರಂಭವಾಯಿತು. ಹೋಗುವವರು ಮುಂಚಿತವಾಗಿ ವಿಚಾರಿಸಿಕೊಳ್ಳಿ.

ಅಲ್ಲಿಂದ ಕಬ್ಬನ್ ಪಾರ್ಕಿನೊಳಗೆ ನಡೆದೇ ಹೋದೆವು. 1870ರಲ್ಲಿ, ರಿಚರ್ಡ್ ಸ್ಯಾಂಕಿ ಮೈಸೂರು ರಾಜ್ಯದ ಮುಖ್ಯ ಇಂಜಿನಿಯರಾಗಿದ್ದಾಗ ಆದ ಉದ್ಯಾನ ಇದು. ಒಳಗೇ ಇರುವ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ. ಮಗಳು ಬಾಗಿಲಲ್ಲಿ ನಿಂತು ಒಳಗಿನ ಕಪಾಟುಗಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಇದು ಯಾರ ಚೀಟಿಯಲ್ಲೂ ಇರಲಿಲ್ಲ. ನಡೆದು ಹೋದರೆ ದಾರಿಯಲ್ಲಿ ಇಂಥವು ಸಿಗುತ್ತವೆ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಮಗಳು ಎರಡು ಗಂಟೆ ಇಟ್ಟಿದ್ದಳು. ಸರ್ ಎಂ.ವಿ. ತೀರಿಕೊಂಡ 1962ರಲ್ಲೇ ಈ ಕಟ್ಟಡದ ಉದ್ಘಾಟನೆ ಆಯಿತು. ಇಲ್ಲಿನ ಗುಣ ಎಂದರೆ ‘ಮುಟ್ಟಬೇಡಿ’ ಎಂಬ ಬೋರ್ಡಿಗಿಂತ ‘ಒತ್ತಿ ನೋಡಿ’ ಎಂಬ ಗುಂಡಿಗಳೇ ಹೆಚ್ಚು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಇದೆ, ಇಂಜಿನ್ನುಗಳಿವೆ, ಅಲುಗಾಡುವ ಡೈನೊಸಾರ್ ಇದೆ. ಮಗ ಒಂದು ರಾಟೆಯ ಹತ್ತಿರ ನಿಂತವನು ಏಳಲೇ ಇಲ್ಲ. ಒಂದು ರಾಟೆಯಿಂದ ತೂಕ ಎತ್ತುವುದು ಕಷ್ಟ, ಮೂರು ರಾಟೆ ಸೇರಿದರೆ ಸುಲಭ. ಯಾಕೆ? ಹಗ್ಗ ಎಳೆದ, ಬಿಟ್ಟ, ಮತ್ತೆ ಎಳೆದ. ಶಾಲೆಯಲ್ಲಿ ನಾನೇ ಈ ಪಾಠವನ್ನು ಕಪ್ಪುಹಲಗೆಯ ಮೇಲೆ ಇಪ್ಪತ್ತು ವರ್ಷ ಬರೆದಿದ್ದೇನೆ. ಇವನಿಗೆ ಅರ್ಥವಾದದ್ದು ಅಂಗೈ ಕೆಂಪಾದಾಗ.

ಎರಡು ಗಂಟೆ ಮುಗಿಯಿತು. ತಾರಾಲಯದ ಕನ್ನಡ ಪ್ರದರ್ಶನಕ್ಕೆ ಹೊರಡಬೇಕಾದ ಹೊತ್ತು. ಮಗಳು ಗಡಿಯಾರ ನೋಡಿದಳು, ತಮ್ಮನನ್ನು ನೋಡಿದಳು. ಈಗ ಬಾಹ್ಯಾಕಾಶದ ವಿಭಾಗ ನೋಡುವುದು ಬಾಕಿ ಇದೆ ಎಂದು ಅವನು ಗೋಗರೆಯುತ್ತಿದ್ದ. ಅವಳು ನೋಟ್‌ಬುಕ್ ತೆರೆದು, ‘ತಾರಾಲಯ’ ಎಂಬ ಪದವನ್ನು ರಬ್ಬರಿನಿಂದ ಅಳಿಸಿದಳು.

“ಬೇಡ್ವೇನೇ? ಆರು ವರ್ಷದಿಂದ ಕಾಯ್ತಿದ್ದೀಯ” ಎಂದಳು ನನ್ನವಳು.

“ಇರಲಿ ಬಿಡಮ್ಮ. ಅವನು ಮತ್ತೆ ಯಾವಾಗ ಬರ್ತಾನೋ. ನಾನು ಹೇಗೂ ಮುಂದೆ ಇಲ್ಲೇ ಇರ್ತೀನಲ್ಲ.”

ನನ್ನವಳು ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಮಗಳು ಮನೆ ಬಿಟ್ಟು ಹೋಗುವವಳು ಎಂಬುದು ನಮಗಿಬ್ಬರಿಗೂ ನಿಜವಾಗಿ ತಿಳಿದದ್ದು ಆ ಸಂಗ್ರಹಾಲಯದ ಮೆಟ್ಟಿಲ ಮೇಲೆ.

ಭಾನುವಾರ: ಹಸಿರು

ಭಾನುವಾರ ಮೆಟ್ರೊ ಬೆಳಿಗ್ಗೆ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುತ್ತದೆ ಎಂಬುದನ್ನು ಮಗಳು ಮೊದಲೇ ನೋಡಿಟ್ಟಿದ್ದಳು. ಮೊದಲ ರೈಲುಗಳಲ್ಲೊಂದನ್ನು ಹಿಡಿದು ಲಾಲ್‌ಬಾಗಿಗೆ ಹೋದೆವು. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ, ಈಗ ಸುಮಾರು 240 ಎಕರೆ. 1889ರ ಗಾಜಿನ ಮನೆ ನೋಡಿ ಎಲ್ಲರೂ ಚಿತ್ರ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಆದರೆ ನಾನು ಮಕ್ಕಳಿಗೆ ತೋರಿಸಬೇಕೆಂದಿದ್ದದ್ದು ಬಂಡೆಯನ್ನು. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

“ನಿನ್ನೆ ನೋಡಿದ ಡೈನೊಸಾರ್‌ಗಿಂತ ಹಳೇದಾ ಅಪ್ಪ?” ಎಂದ ಮಗ.

ಡೈನೊಸಾರ್‌ಗಳು ಭೂಮಿಗೆ ಬಂದದ್ದೇ ಇಪ್ಪತ್ತಮೂರು, ಇಪ್ಪತ್ತನಾಲ್ಕು ಕೋಟಿ ವರ್ಷಗಳ ಹಿಂದೆ. ಅವು ಹುಟ್ಟುವ ಹೊತ್ತಿಗೆ ಈ ಬಂಡೆ ಮುದುಕನಾಗಿತ್ತು ಎಂದೆ. ಅವನು ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಬಂಡೆಯ ಮೇಲೆ ನಿಂತ. ಹಾಗೆ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ.

ಪಶ್ಚಿಮದ ಗೇಟಿನಿಂದ ಹೊರಬಂದು ಗಾಂಧಿಬಜಾರಿಗೆ ನಡೆದೆವು. ಹೂವಿನ ಬುಟ್ಟಿಗಳು, ಹಣ್ಣು, ಕಾಫಿಪುಡಿಯ ವಾಸನೆ. ಮಸಾಲೆದೋಸೆಗಾಗಿ ಮುಕ್ಕಾಲು ಗಂಟೆ ಸಾಲು ನಿಂತೆವು. ಮಗಳ ಪಟ್ಟಿಯಲ್ಲಿ ಅದಕ್ಕೂ ಹೊತ್ತು ಇಟ್ಟಿದ್ದಳು! ದೊಡ್ಡ ಬಸವಣ್ಣನ ಗುಡಿಗೆ ಆಟೋದಲ್ಲಿ ಹೋದೆವು. ಒಂದೇ ಕಲ್ಲಿನ ಆ ಬಸವಣ್ಣನ ಮುಂದೆ ನನ್ನವಳು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಏನು ಬೇಡಿಕೊಂಡಳು ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ಕಾರ್ತೀಕದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಅದನ್ನೇ ನೋಡಬೇಕೆಂದು ಹೋಗುವವರು ಹೋಗಿ, ನೆಮ್ಮದಿಯ ದರ್ಶನ ಬೇಕೆಂಬುವರು ಆ ದಿನಗಳನ್ನು ಬಿಟ್ಟು ಹೋಗಿ.

ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮಾರುಕಟ್ಟೆಗೆ ಒಂದೇ ನಿಲ್ದಾಣ. ಅಲ್ಲಿ ಕೋಟೆಯ ಉಳಿದ ಭಾಗ, ಹತ್ತಿರವೇ ಟಿಪ್ಪು ಬೇಸಿಗೆ ಅರಮನೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ, ಅದನ್ನು ಕಲ್ಲಿನದಾಗಿ ಮಾಡಿಸಿದ್ದು ಹೈದರಾಲಿ. ಅರಮನೆಯನ್ನು ಹೈದರ್ 1781ರಲ್ಲಿ ಆರಂಭಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಅದೇ 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯನ್ನು ಹಿಡಿಯಿತು. ಎರಡು ಇಸವಿಗಳನ್ನು ಪಕ್ಕಪಕ್ಕ ಬರೆದುಕೊಂಡ ಮಗಳು ತೇಗದ ಕಂಬಕ್ಕೆ ಕೈ ತಾಗಿಸದೆ ಹತ್ತಿರ ನಿಂತು, “ಇಷ್ಟು ಚೆನ್ನಾಗಿ ಕಟ್ಟಿದವರಿಗೆ ಇಲ್ಲಿ ಕೂರೋಕೆ ಎಷ್ಟು ದಿನ ಸಿಕ್ಕಿತೋ” ಎಂದಳು. ಪಠ್ಯಪುಸ್ತಕದಲ್ಲಿ ಈ ಎರಡೂ ವಿಷಯ ಬೇರೆ ಬೇರೆ ಪುಟದಲ್ಲಿರುತ್ತವೆ. ಸ್ಥಳಕ್ಕೆ ಹೋದರೆ ಒಂದೇ ಕಡೆ ಸಿಗುತ್ತವೆ.

ಮೂವತ್ತು ನಿಮಿಷ

ಉಳಿದದ್ದು ಕೊನೆಯ ಚೀಟಿ, ಮೆಜೆಸ್ಟಿಕ್. ಹಿಂದೆ ಧರ್ಮಾಂಬುಧಿ ಎಂಬ ಕೆರೆ ಇದ್ದ ಜಾಗದಲ್ಲಿ ಈಗ ಬಸ್ಸುಗಳ ಸಮುದ್ರ. ಒಂದು ಬೆಂಚು ತೋರಿಸಿ, “ನೀವು ಇಲ್ಲೇ ಕೂತಿರಿ. ನಾನು ಅರ್ಧ ಗಂಟೆ ಒಬ್ಬಳೇ ಸುತ್ತಿ ಬರ್ತೀನಿ” ಎಂದಳು. ಮೊಬೈಲನ್ನು ಅಮ್ಮನ ಕೈಗೆ ಕೊಟ್ಟಳು. “ಒಂದು ಸಲ ಇದಿಲ್ಲದೆ ನೋಡ್ತೀನಿ” ಎಂದಳು.

ನಾನು ಜೀವನದಲ್ಲಿ ಬಹಳ ಪರೀಕ್ಷೆಗಳ ಮೇಲ್ವಿಚಾರಣೆ ಮಾಡಿದ್ದೇನೆ. ಅಷ್ಟು ಉದ್ದದ ಅರ್ಧ ಗಂಟೆಯನ್ನು ಕಂಡಿರಲಿಲ್ಲ. ಮೂವತ್ತು ನಿಮಿಷ ಆಯಿತು. ಮೂವತ್ತೈದು ಆಯಿತು. ನನ್ನವಳು ಎದ್ದು ನಿಂತಳು. ಮಗ ಬೆಂಚಿನ ಮೇಲೆ ಹತ್ತಿ ನೋಡತೊಡಗಿದ. ಹೋಗಿ ಹುಡುಕಲೇ ಎಂದರೆ, ಅವಳು ಇತ್ತ ಬಂದರೆ ಏನು ಗತಿ? ನಲವತ್ತೆರಡನೆಯ ನಿಮಿಷಕ್ಕೆ ಜನರ ನಡುವೆ ಅವಳ ಜಡೆ ಕಂಡಿತು.

“ಯಾಕೇ ಇಷ್ಟು ಹೊತ್ತು?” ತಾಯಿಯ ದನಿಯಲ್ಲಿ ಸಿಟ್ಟೂ ಇತ್ತು, ಇನ್ನೇನೋ ಇತ್ತು.

“ನಮ್ಮೂರ ಕಡೆ ಬಸ್ ಎಲ್ಲಿ ನಿಲ್ಲತ್ತೆ ಅಂತ ಇಬ್ಬರನ್ನ ಕೇಳಿದೆ ಅಮ್ಮ. ಒಬ್ಬೊಬ್ಬರು ಒಂದೊಂದು ಹೇಳಿದ್ರು. ಆಮೇಲೆ ಸಮವಸ್ತ್ರ ಹಾಕಿದ್ದ ಕಂಡಕ್ಟರ್ ಒಬ್ಬರನ್ನ ಕೇಳಿ, ಹೋಗಿ ನೋಡ್ಕೊಂಡೇ ಬಂದೆ” ಎಂದು ನೋಟ್‌ಬುಕ್ ತೋರಿಸಿದಳು. ಊರಿನ ಬಸ್ಸು, ಮೆಟ್ರೊಗೆ ಇಳಿಯುವ ದಾರಿ, ರೈಲು ನಿಲ್ದಾಣಕ್ಕೆ ದಾಟುವ ಕಡೆ, ಪೊಲೀಸರು ಇರುವ ಜಾಗ, ಕುಡಿಯುವ ನೀರು, ಶೌಚಾಲಯ. ಎಲ್ಲವನ್ನೂ ಪೆನ್ಸಿಲಿನಲ್ಲಿ ಚಿತ್ರ ಬರೆದಿದ್ದಳು. ಮೂಲೆಯಲ್ಲಿ ತುರ್ತು ಸಹಾಯದ ಸಂಖ್ಯೆ 112. ನನ್ನವಳು ಆ ಪುಟವನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ಎರಡು ಸಲ ಓದಿದಳು. ಆ ರಾತ್ರಿ ಊರು ಮುಟ್ಟಿದ ಮೇಲೆ ಬಹಳ ದಿನಗಳ ನಂತರ ಚೆನ್ನಾಗಿ ನಿದ್ದೆ ಮಾಡಿದಳು.

ಈಗ ಪಾಲಕರಲ್ಲಿ ಒಂದು ಮಾತು. ಮಕ್ಕಳಿಗೆ ನಗರ ತೋರಿಸಲು ಹೊರಟಾಗ ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ಸ್ಥಳ ಇಡಬೇಡಿ. ಒಂದೇ ಕಡೆಯವನ್ನು ಒಂದೇ ದಿನ ನೋಡಿ. ಸೋಮವಾರ ಬಹಳ ಸಂಗ್ರಹಾಲಯಗಳು ಬಾಗಿಲು ಹಾಕಿರುತ್ತವೆ ಎಂಬುದು ನೆನಪಿರಲಿ. ಟಿಕೆಟ್ ಕೊಳ್ಳುವ, ದಾರಿ ಕೇಳುವ, ಲೆಕ್ಕ ಬರೆಯುವ ಕೆಲಸಗಳನ್ನು ಮಕ್ಕಳ ವಯಸ್ಸಿಗೆ ತಕ್ಕಂತೆ ಅವರಿಗೆ ಬಿಡಿ. ಚಿಕ್ಕವರಾದರೆ ಕೈ ಹಿಡಿದುಕೊಂಡೇ ಬಿಡಿ, ಆದರೆ ಬಿಡಿ. ಅವರು ತಪ್ಪು ಮಾಡಿದಾಗ ನೀವು ಪಕ್ಕದಲ್ಲಿರುವುದು ಇಂಥ ಎರಡು ದಿನಗಳಲ್ಲಿ ಮಾತ್ರ. ಮುಂದೆ ತಪ್ಪುವಾಗ ನೀವು ಇರುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಮನೆಯವರ ಚೀಟಿಗಳನ್ನೂ ಕೇಳಿ. ಅಪ್ಪ ಅಮ್ಮನಿಗೂ ನೋಡಬೇಕೆಂಬ ಆಸೆ ಇರುತ್ತದೆ, ಯಾರೂ ಕೇಳಿರುವುದಿಲ್ಲ. ನಿಮ್ಮ ಚೀಟಿಯನ್ನೇ ಬಿಡಬೇಕಾಗಿ ಬಂದರೆ ನಷ್ಟವಾಯಿತೆಂದು ತಿಳಿಯಬೇಡಿ. ಬಂದ ದಿನವೇ ಕಂಡದ್ದನ್ನು ನಾಲ್ಕು ಸಾಲಾದರೂ ಬರೆದಿಡಿ.

ಉಳಿದ ಎಂಟು ಚೀಟಿಗಳು ನಮ್ಮ ಮನೆಯ ಅಡಿಗೆಮನೆಯ ಹಲಗೆಯ ಮೇಲೆ, ಒಂದು ಹಾರ್ಲಿಕ್ಸ್ ಡಬ್ಬಿಯಲ್ಲಿವೆ. ಬೆಂಗಳೂರು ಅರಮನೆ, ಎಚ್.ಎ.ಎಲ್.ನ ವಿಮಾನ ಸಂಗ್ರಹಾಲಯ, ಚಿತ್ರಕಲಾ ಪರಿಷತ್ತು, ಹಲಸೂರು ಕೆರೆ, ಇಸ್ಕಾನ್ ದೇವಾಲಯ, ಗವಿ ಗಂಗಾಧರೇಶ್ವರ, ಜೊತೆಗೆ ಹುಲಿ ಮತ್ತು ತಾರಾಲಯ. ಮಗ ಆಗಾಗ ಡಬ್ಬಿ ಅಲ್ಲಾಡಿಸಿ ನೋಡುತ್ತಾನೆ. ಮೊನ್ನೆ ಅವರಮ್ಮನಿಗೆ ಹೇಳುತ್ತಿದ್ದ: “ಇನ್ನು ಅಪ್ಪ ಕರ್ಕೊಂಡು ಹೋಗೋದು ಬೇಡಮ್ಮ. ಅಕ್ಕ ಅಲ್ಲೇ ಇರ್ತಾಳಲ್ಲ, ಮೆಜೆಸ್ಟಿಕ್‌ಗೆ ಬಂದು ಕರ್ಕೊಂಡು ಹೋಗ್ತಾಳೆ.”

ನನ್ನವಳು ಈ ಸಲ ಕನ್ನಡಕ ತೆಗೆಯಲಿಲ್ಲ. “ಹೌದು, ಅವಳಿಗೆ ದಾರಿ ಗೊತ್ತು” ಎಂದಳು.